ಗಟ್ಟಿ ಪೆಡಲ್, ನಿಲ್ಲದ ಗಾಡಿ: ಹಳೆಯ ಫೋರ್ ವೀಲ್ ಡ್ರೈವ್ ಒಂದರ ಬ್ರೇಕ್ ದುರಸ್ತಿಯ ದಾಖಲೆ

ಪೆಡಲ್ ಗಟ್ಟಿಯಾಗಿದೆ, ಬ್ರೇಕ್ ಆಯಿಲ್ ಎಲ್ಲಿಯೂ ಸೋರುತ್ತಿಲ್ಲ, ಮುಂದಿನ ಪ್ಯಾಡ್‌ಗಳಲ್ಲಿ ಇನ್ನೂ ಸಾಕಷ್ಟು ದಪ್ಪ ಉಳಿದಿದೆ. ಆದರೂ ಗಾಡಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಇಷ್ಟು ಚಿಕ್ಕ ದೂರಿಗೆ ಉತ್ತರ ಹುಡುಕಲು ನನಗೆ ಆರು ವಾರಾಂತ್ಯಗಳು ಬೇಕಾದವು. ಅವುಗಳಲ್ಲಿ ಮೊದಲ ಎರಡು ಪೂರ್ತಿ ವ್ಯರ್ಥ. ಕೆಲಸ ನಡೆದ ಕ್ರಮದಲ್ಲಿಯೇ, ತಪ್ಪುಗಳನ್ನು ತಿದ್ದದೆ, ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಗಾಡಿಯ ವಿವರ. ಇಪ್ಪತ್ತು ವರ್ಷ ದಾಟಿದ, ಚಾಸಿಯ ಮೇಲೆ ಬಾಡಿ ಕೂರಿಸಿದ ಡೀಸೆಲ್ ವಾಹನ. ಮುಂದೆ ಡಿಸ್ಕ್ ಮತ್ತು ಅದನ್ನು ಪ್ಯಾಡ್‌ಗಳಿಂದ ಅದುಮುವ ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರ್, ಹಿಂದೆ ಡ್ರಮ್ (ಒಳಗಿನಿಂದ ಶೂಗಳು ಒತ್ತಿ ನಿಲ್ಲಿಸುವಂಥದ್ದು). ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಡೀಸೆಲ್ ಎಂಜಿನ್ ತಾನಾಗಿ ನಿರ್ವಾತವನ್ನು ಒದಗಿಸುವುದಿಲ್ಲವಾದ್ದರಿಂದ ಆಲ್ಟರ್ನೇಟರ್‌ನ ಹಿಂಬದಿಯಲ್ಲಿ ಒಂದು ವ್ಯಾಕ್ಯೂಮ್ ಪಂಪ್ ಇದ್ದು, ಅಲ್ಲಿಂದ ರಬ್ಬರ್ ಹೋಸ್ ಮೂಲಕ, ನಿರ್ವಾತದ ನೆರವಿನಿಂದ ಕಾಲಿನ ಒತ್ತಡವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್‌ಗೆ ಸಂಪರ್ಕವಿದೆ. ಹಿಂದಿನ ಆಕ್ಸಲ್‌ನ ಮೇಲೆ, ಹೊರೆಗೆ ತಕ್ಕಂತೆ ಹಿಂಚಕ್ರಗಳ ಬ್ರೇಕ್ ಒತ್ತಡವನ್ನು ಹೆಚ್ಚುಕಡಿಮೆ ಮಾಡುವ ಲೋಡ್ ಸೆನ್ಸಿಂಗ್ ವಾಲ್ವ್ ಇದೆ. ನನಗಿಂತ ಮೊದಲು ಇದನ್ನು ಇಟ್ಟುಕೊಂಡಿದ್ದವರು ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳನ್ನು ಬದಲಿಸಿ ಗಾಡಿಯನ್ನು 50 ಮಿ.ಮೀ. ಎತ್ತರಿಸಿದ್ದರು, 235/75 ಆರ್ 15 ಟೈರ್‌ಗಳ ಜಾಗದಲ್ಲಿ 31 ಇಂಚಿನವನ್ನು ಹಾಕಿಸಿದ್ದರು. ಈ ಎರಡು ಬದಲಾವಣೆಗಳನ್ನು ನಾನು ಬಹಳ ದಿನ ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ.

ದೂರು ಹೀಗಿತ್ತು: ನಿಧಾನವಾಗಿ ಹೋಗುವಾಗ ಮೆಲ್ಲನೆ ತುಳಿದರೆ ಬ್ರೇಕ್ ಸರಿಯಾಗಿಯೇ ಹಿಡಿಯುತ್ತಿತ್ತು. 60 ಕಿ.ಮೀ. ವೇಗದಲ್ಲಿ ಜೋರಾಗಿ ತುಳಿದಾಗ ಅಥವಾ ಇಳಿಜಾರಿನಲ್ಲಿ ಬೆನ್ನುಬೆನ್ನಿಗೆ ಮೂರು ಬಾರಿ ತುಳಿದಾಗ ಪೆಡಲ್ ಕಲ್ಲಿನಂತಾಗಿ, ಕಾಲಿನ ಬಲವೆಲ್ಲ ಹಾಕಿದರೂ ಗಾಡಿ ತನ್ನ ಪಾಡಿಗೆ ತಾನು ಮುಂದಕ್ಕೆ ಹೋಗುತ್ತಿತ್ತು.

1. ಮೊದಲ ಎರಡು ವಾರಾಂತ್ಯ: ಅಳೆಯದೆ ಬಿಚ್ಚಿದ್ದು

ಬ್ರೇಕ್ ಹಿಡಿಯುತ್ತಿಲ್ಲವೆಂದರೆ ಪ್ಯಾಡ್ ಎಂದು ನನ್ನ ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಹೊಸ ಪ್ಯಾಡ್‌ಗಳನ್ನು ತಂದು ಹಾಕಿದೆ, ಹಳೆಯವನ್ನು ತಿರುಗಿಸಿಯೂ ನೋಡದೆ ಗುಜರಿ ಡಬ್ಬಕ್ಕೆ ಎಸೆದೆ. ಆ ಡಬ್ಬದ ವಿಷಯ ಮುಂದೆ ಮತ್ತೆ ಬರುತ್ತದೆ. ಸುಮಾರು 200 ಕಿ.ಮೀ. ಓಡಿಸಿ ಪ್ಯಾಡ್‌ಗಳು ಡಿಸ್ಕಿಗೆ ಹೊಂದಿಕೊಂಡ ಮೇಲೂ ವ್ಯತ್ಯಾಸವೇನೂ ಕಾಣಲಿಲ್ಲ.

ಎರಡನೇ ವಾರ, ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಬದಲಿಸಿದೆ. ಕಾರಣ ಕೇಳಿದರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಗಾಡಿ ಹಳೆಯದು, ಸಿಲಿಂಡರ್ ಕೂಡ ಹಳೆಯದಿರಬೇಕು ಎಂಬುದಷ್ಟೇ ತರ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ ಇದು. ಸಾಲದೆಂಬಂತೆ, ಹೊಸ ಸಿಲಿಂಡರನ್ನು ಬೂಸ್ಟರ್‌ಗೆ ಕೂರಿಸುವ ಮೊದಲು ವೈಸ್‌ನಲ್ಲಿ ಹಿಡಿದು, ಅದರ ಎರಡೂ ಬಾಯಿಗಳಿಂದ ಕೊಳವೆಗಳನ್ನು ಟ್ಯಾಂಕಿಗೇ ತಿರುಗಿಸಿ, ಪಿಸ್ಟನ್ನನ್ನು ನಿಧಾನವಾಗಿ ಒತ್ತಿ ಒಳಗಿನ ಗಾಳಿ ತೆಗೆಯಬೇಕಿತ್ತು. ಹತ್ತು ನಿಮಿಷದ ಆ ಕೆಲಸ ಬಿಟ್ಟದ್ದಕ್ಕೆ ಅದುವರೆಗೆ ಗಟ್ಟಿಯಾಗಿದ್ದ ಪೆಡಲ್ ಸ್ಪಂಜಿನಂತಾಯಿತು. ನಾಲ್ಕೂ ಚಕ್ರಗಳಲ್ಲಿ ಎರಡೆರಡು ಸುತ್ತು ಗಾಳಿ ತೆಗೆದು, ಒಂದೂವರೆ ಲೀಟರ್ ಬ್ರೇಕ್ ಆಯಿಲ್ ಖರ್ಚಾದ ಮೇಲೆ ಪೆಡಲ್ ಮೊದಲಿನ ಸ್ಥಿತಿಗೆ ಬಂದಿತು. ಅಂದರೆ ಮತ್ತೆ ಗಟ್ಟಿ, ಮತ್ತೆ ನಿಷ್ಪ್ರಯೋಜಕ.

ಕಳಚಿದ ಹಳೆಯ ಸಿಲಿಂಡರನ್ನು ಆಮೇಲೆ ಬಿಚ್ಚಿ ನೋಡಿದೆ. ಒಳಗೋಡೆ ಕನ್ನಡಿಯಂತೆ ನುಣುಪಾಗಿತ್ತು. ರಬ್ಬರ್ ಕಪ್‌ಗಳ ಅಂಚು ಎಲ್ಲಿಯೂ ಹರಿದಿರಲಿಲ್ಲ. ಈ ಇಡೀ ದುರಸ್ತಿಯಲ್ಲಿ ಹೆಚ್ಚು ಹಣ ಹೋದದ್ದು ಯಾವ ದೋಷವೂ ಇಲ್ಲದ ಈ ಭಾಗಕ್ಕೆ.

2. ಮೂರನೇ ಶನಿವಾರ ಬೆಳಿಗ್ಗೆ: ಸ್ಪ್ಯಾನರ್ ಮುಟ್ಟದೆ ಪೆಡಲ್ ಪರೀಕ್ಷೆ

ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದೆ. ಚಾಲಕನ ಸೀಟಿನಲ್ಲಿ ಕುಳಿತು ಮೂರು ಪರೀಕ್ಷೆ ಮಾಡಲು ಒಟ್ಟು ಕಾಲು ಗಂಟೆ ಸಾಕಾಯಿತು.

ಮೊದಲನೆಯದು: ಎಂಜಿನ್ ಆಫ್ ಮಾಡಿ, ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಮುಗಿಯುವವರೆಗೆ ಪೆಡಲನ್ನು ಐದಾರು ಬಾರಿ ತುಳಿದು, ಕೊನೆಯ ಸಲ ತುಳಿದೇ ಇಟ್ಟು ಎಂಜಿನ್ ಚಾಲೂ ಮಾಡಬೇಕು. ಬೂಸ್ಟರ್ ಕೆಲಸ ಮಾಡುತ್ತಿದ್ದರೆ ಪೆಡಲ್ ಕಾಲಿನಡಿ ತಾನಾಗಿ ಸ್ವಲ್ಪ ಇಳಿಯುತ್ತದೆ. ನನ್ನದು ಇಳಿಯಿತು, ಆದರೆ ಸುಮಾರು ಹತ್ತು ಸೆಕೆಂಡಿನ ನಂತರ, ಸೋಮಾರಿಯಂತೆ ಇಳಿಯಿತು.

ಎರಡನೆಯದು: ಎಂಜಿನ್ನನ್ನು ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಪೆಡಲನ್ನು ಬಿಟ್ಟು ಬಿಟ್ಟು ತುಳಿಯಬೇಕು. ನಿರ್ವಾತದ ಸಂಗ್ರಹ ಸರಿಯಿದ್ದರೆ ಮೊದಲ ಎರಡು ಮೂರು ತುಳಿತಗಳಿಗೆ ಬೂಸ್ಟರ್‌ನ ನೆರವು ಸಿಗುತ್ತದೆ, ಪ್ರತಿ ಸಲವೂ ಪೆಡಲ್ ಸ್ವಲ್ಪ ಮೇಲೆಯೇ ನಿಲ್ಲುತ್ತ ಬರುತ್ತದೆ. ನನ್ನ ಗಾಡಿಯಲ್ಲಿ ಮೊದಲ ತುಳಿತಕ್ಕೆ ಮಾತ್ರ ನೆರವು ಸಿಕ್ಕಿತು, ಎರಡನೆಯದಕ್ಕೇ ಪೆಡಲ್ ಕಲ್ಲಾಯಿತು. ಹತ್ತು ನಿಮಿಷ ಬಿಟ್ಟು ನೋಡಿದಾಗ ಮೊದಲ ತುಳಿತಕ್ಕೂ ನೆರವಿರಲಿಲ್ಲ. ಅಂದರೆ ಸಂಗ್ರಹವಾದ ನಿರ್ವಾತ ಎಲ್ಲಿಂದಲೋ ಸೋರಿಹೋಗುತ್ತಿದೆ.

ಮೂರನೆಯದು: ಎಂಜಿನ್ ಆಫ್ ಇರುವಾಗ ಪೆಡಲನ್ನು ಜೋರಾಗಿ ಒಂದು ನಿಮಿಷ ಒತ್ತಿ ಹಿಡಿಯುವುದು. ಪೆಡಲ್ ನಿಧಾನವಾಗಿ ನೆಲದತ್ತ ಕುಸಿದರೆ ಮಾಸ್ಟರ್ ಸಿಲಿಂಡರ್‌ನ ಒಳಗೆ ಆಯಿಲ್ ಹಿಂದಕ್ಕೆ ಜಾರುತ್ತಿದೆ ಅಥವಾ ಎಲ್ಲೋ ಹೊರಗೆ ಸೋರುತ್ತಿದೆ ಎಂದರ್ಥ. ಕುಸಿಯಲಿಲ್ಲ. ಇದೇ ಪರೀಕ್ಷೆಯನ್ನು ಹಳೆಯ ಸಿಲಿಂಡರ್ ಗಾಡಿಯಲ್ಲಿದ್ದಾಗ ಮಾಡಿದ್ದರೆ ಎರಡನೇ ವಾರಾಂತ್ಯ ಉಳಿಯುತ್ತಿತ್ತು.

ಪೆಡಲ್ ಸ್ಪಂಜಿನಂತಿದ್ದರೆ ಗಾಳಿಯನ್ನೋ ಉಬ್ಬುವ ಹೋಸನ್ನೋ ಹುಡುಕಬೇಕು. ಕುಸಿಯುತ್ತಿದ್ದರೆ ಸಿಲಿಂಡರನ್ನು, ಮೊದಲ ಸಲ ಉದ್ದಕ್ಕೆ ಹೋಗಿ ಎರಡನೇ ಸಲ ಮೇಲೆ ಬರುತ್ತಿದ್ದರೆ ಡ್ರಮ್‌ನ ಹೊಂದಾಣಿಕೆಯನ್ನು. ನನ್ನದು ಗಟ್ಟಿ ಪೆಡಲ್. ಗಟ್ಟಿ ಪೆಡಲ್ ಇದ್ದೂ ಗಾಡಿ ನಿಲ್ಲದಿದ್ದರೆ ನೋಡಬೇಕಾದದ್ದು ಬೂಸ್ಟರ್ ಕಡೆಗೆ ಅಥವಾ ಚಕ್ರದ ಬಳಿ ಅಂಟಿಕೊಂಡಿರುವ ಭಾಗಗಳ ಕಡೆಗೆ.

3. ಮೂರನೇ ವಾರಾಂತ್ಯ: ನಿರ್ವಾತವನ್ನು ಅಳೆದದ್ದು

ಬೇಕಾದದ್ದು ಒಂದು ವ್ಯಾಕ್ಯೂಮ್ ಗೇಜ್, ಒಂದು ಟಿ ಜಾಯಿಂಟ್, ಎರಡು ಹೋಸ್ ಕ್ಲಿಪ್. ಮೊದಲು ಆಲ್ಟರ್ನೇಟರ್‌ನ ಬೆಲ್ಟ್ ಬಿಗಿಯಾಗಿದೆಯೇ ಎಂದು ನೋಡಿದೆ, ಏಕೆಂದರೆ ಅದು ಜಾರಿದರೆ ಪಂಪ್ ಕೂಡ ನಿಧಾನವಾಗುತ್ತದೆ. ಬೆಲ್ಟ್ ಸರಿಯಿತ್ತು.

ಬೂಸ್ಟರ್‌ನ ಪಕ್ಕದಲ್ಲಿ ಟಿ ಜಾಯಿಂಟ್ ಸೇರಿಸಿ ಎಂಜಿನ್ ಚಾಲೂ ಮಾಡಿದಾಗ ಮುಳ್ಳು ತೆವಳುತ್ತ 16 ಇಂಚು ಪಾದರಸಕ್ಕೆ (ನಿರ್ವಾತದ ಅಳತೆ; ಅಂಕಿ ಹೆಚ್ಚಿದಷ್ಟೂ ನಿರ್ವಾತ ಹೆಚ್ಚು) ಹೋಗಿ ಅಲ್ಲಿಯೇ ನಿಂತಿತು. ಸಮುದ್ರಮಟ್ಟದ ಹತ್ತಿರ ಆರೋಗ್ಯವಂತ ಡೀಸೆಲ್ ಪಂಪ್ 25 ಇಂಚಿನ ಆಚೀಚೆ ಕೊಡಬೇಕು. ಎತ್ತರದ ಊರುಗಳಲ್ಲಿ ಪ್ರತಿ 300 ಮೀಟರ್‌ಗೆ ಸುಮಾರು ಒಂದು ಇಂಚು ಕಳೆದುಕೊಳ್ಳಬೇಕು. ಪಂಪೇ ಸತ್ತಿದೆ ಎಂದುಕೊಂಡು ಹೊಸದನ್ನು ವಿಚಾರಿಸಲು ಹೊರಟವನು, ಮಾಸ್ಟರ್ ಸಿಲಿಂಡರ್ ನೆನಪಾಗಿ ಅಲ್ಲಿಯೇ ನಿಂತೆ.

ಹೋಸನ್ನು ಪಂಪಿನಿಂದ ಕಳಚಿ ಗೇಜನ್ನು ನೇರವಾಗಿ ಪಂಪಿಗೇ ಸೇರಿಸಿದಾಗ ಮೂರೇ ಸೆಕೆಂಡಿನಲ್ಲಿ 25 ಇಂಚು. ಪಂಪಿಗೆ ಏನೂ ಆಗಿಲ್ಲ. ಮತ್ತೆ ಹೋಸ್ ಕೂರಿಸಿ, ಈ ಬಾರಿ ಟಿ ಜಾಯಿಂಟನ್ನು ಪಂಪಿನ ತುದಿಯಲ್ಲಿ ಸೇರಿಸಿದೆ: 22 ಇಂಚು. ಒಂದೇ ಹೋಸಿನ ಒಂದು ತುದಿಯಲ್ಲಿ 22, ಇನ್ನೊಂದು ತುದಿಯಲ್ಲಿ 16. ಇದರ ಅರ್ಥ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ಗಾಳಿ ಹರಿಯದೇ ಇದ್ದರೆ ಎರಡೂ ತುದಿಗಳಲ್ಲಿ ಒಂದೇ ಅಂಕಿ ಬರಬೇಕು. ವ್ಯತ್ಯಾಸ ಬಂದಿದೆ ಎಂದರೆ ಗಾಳಿ ನಿರಂತರವಾಗಿ ಹರಿಯುತ್ತಿದೆ ಮತ್ತು ದಾರಿಯಲ್ಲಿ ಅಡ್ಡಿಯೂ ಇದೆ. ದೋಷ ಒಂದಲ್ಲ, ಎರಡು: ಬೂಸ್ಟರ್ ಕಡೆ ಒಂದು ಸೋರಿಕೆ, ಹೋಸಿನಲ್ಲಿ ಒಂದು ಇಕ್ಕಟ್ಟು.

ಇಕ್ಕಟ್ಟು ಕೈಗೆ ಬೇಗ ಸಿಕ್ಕಿತು. ಯಾರೋ ಹಿಂದೆ ನಿರ್ವಾತಕ್ಕೆ ಮಾಡಿದ ದಪ್ಪ ಗೋಡೆಯ ಹೋಸಿನ ಬದಲು ಸಾಧಾರಣ ನೀರಿನ ಹೋಸನ್ನು ಹಾಕಿದ್ದರು. ಪಂಪಿನಿಂದ ಬರುವ ಎಂಜಿನ್ ಆಯಿಲ್‌ನ ಆವಿಗೆ ಅದರ ಒಳಪದರ ಮೆತ್ತಗಾಗಿ, ಬಾಗಿದ ಜಾಗದಲ್ಲಿ ಎಂಜಿನ್ ಬಿಸಿಯಾದಾಗ ಚಪ್ಪಟೆಯಾಗುತ್ತಿತ್ತು. ತಣ್ಣಗಿದ್ದಾಗ ಮುಟ್ಟಿ ನೋಡಿದರೆ ಗುಂಡಗೇ ಇರುತ್ತದೆ. ಹಾಗಾಗಿ ಹಿಂದೆ ಎರಡು ಸಲ ಮುಟ್ಟಿಯೂ ನಾನು ದಾಟಿ ಹೋಗಿದ್ದೆ.

ಸೋರಿಕೆ ಹುಡುಕಲು ಅರ್ಧ ಮೀಟರ್ ಉದ್ದದ ತೆಳು ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದನ್ನು ಬೂಸ್ಟರ್‌ನ ಸುತ್ತ ಆಡಿಸಿದೆ. ಹೋಸಿನ ಮೂತಿ ಬೂಸ್ಟರ್‌ನ ತಗಡಿಗೆ ಸೇರುವಲ್ಲಿರುವ ರಬ್ಬರ್ ಬಳೆಯ ಬಳಿ ಸುಯ್ ಎಂಬ ಸದ್ದು ಕೇಳಿಸಿತು. ಒದ್ದೆ ಬಟ್ಟೆಯನ್ನು ಸುತ್ತಿ ಒತ್ತಿದಾಗ ಸದ್ದು ನಿಂತು ಗೇಜಿನ ಮುಳ್ಳು ಮೂರು ಇಂಚು ಮೇಲೇರಿತು. ಬಳೆ ಒಣಗಿ ಬಿರುಕು ಬಿಟ್ಟಿತ್ತು. ಪೆಡಲಿನ ಕಡೆ, ಗಾಡಿಯ ಒಳಗೂ ಕೊಳವೆ ಹಿಡಿದು ಕೇಳಿದೆ. ಅಲ್ಲಿ ಸದ್ದಿರಲಿಲ್ಲ, ಬೂಸ್ಟರ್‌ನ ಒಳಗಿನ ರಬ್ಬರ್ ಪರದೆಯಾದ ಡಯಾಫ್ರಾಮ್ ಹರಿದಿರಲಿಲ್ಲ.

ಹೊಸ ಬಳೆ, ನಿರ್ವಾತಕ್ಕೆ ತಕ್ಕ ಹೊಸ ಹೋಸ್, ಅದರ ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಹೊಸ ನಾನ್ ರಿಟರ್ನ್ ವಾಲ್ವ್ ಹಾಕಿ ಎಂಜಿನ್ ಚಾಲೂ ಮಾಡಿ ತುಳಿದರೆ ಪೆಡಲ್ ಎಂದೂ ಇಲ್ಲದಷ್ಟು ಗಟ್ಟಿ! ವಾಲ್ವನ್ನು ತಿರುಗುಮುರುಗಾಗಿ ಕೂರಿಸಿದ್ದೆ. ಅದರ ಮೇಲಿನ ಬಾಣ ಪಂಪಿನ ಕಡೆಗೆ ಇರಬೇಕು, ನಾನು ಬೂಸ್ಟರ್ ಕಡೆಗೆ ತಿರುಗಿಸಿದ್ದೆ. ಅದೃಷ್ಟಕ್ಕೆ ಗಾಡಿ ನಿಂತಲ್ಲೇ ಇತ್ತು. ಬ್ರೇಕಿನ ಯಾವ ಭಾಗ ಮುಟ್ಟಿದರೂ, ಗಾಡಿ ಒಂದು ಅಡಿ ಚಲಿಸುವ ಮೊದಲು ಎಂಜಿನ್ ಓಡಿಸಿ ಪೆಡಲ್ ತುಳಿದು ನೋಡುವ ಅಭ್ಯಾಸ ಅಂದಿನಿಂದ ಬಂದಿದೆ.

ವಾಲ್ವ್ ತಿರುಗಿಸಿದ ಮೇಲೆ ಐದು ಸೆಕೆಂಡಿನಲ್ಲಿ 25 ಇಂಚು. ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟರೂ ಮುಳ್ಳು ಒಂದು ಇಂಚಿಗಿಂತ ಹೆಚ್ಚು ಇಳಿಯಲಿಲ್ಲ. 9 ಇಂಚಿನ ಡಯಾಫ್ರಾಮಿಗೆ ಲೆಕ್ಕ ಹಾಕಿದರೆ 16 ಇಂಚು ನಿರ್ವಾತದಲ್ಲಿ ಸಿಗುವ ಗರಿಷ್ಠ ನೆರವು ಸುಮಾರು 225 ಕೆ.ಜಿ., 25 ಇಂಚಿನಲ್ಲಿ ಸುಮಾರು 350 ಕೆ.ಜಿ. ಆ ಗರಿಷ್ಠ ಮುಟ್ಟುವವರೆಗೆ ಎರಡರಲ್ಲೂ ಪೆಡಲ್ ಒಂದೇ ರೀತಿ ಹಗುರವಾಗಿರುತ್ತದೆ, ಮುಟ್ಟಿದ ಮೇಲೆ ಉಳಿದದ್ದೆಲ್ಲ ಕಾಲಿನ ಬಲ. ಮೆಲ್ಲನೆ ತುಳಿದಾಗ ಗಾಡಿ ಸರಿಯಾಗಿಯೇ ನಿಲ್ಲುತ್ತಿದ್ದುದಕ್ಕೆ, ನಾನು ಇಷ್ಟು ದಿನ ಬೂಸ್ಟರನ್ನು ಅನುಮಾನಿಸದೆ ಇದ್ದುದಕ್ಕೆ ಕಾರಣ ಇದು.

4. ಒಂದು ದೋಷದ ಹಿಂದೆ ಅಡಗಿದ್ದ ಇನ್ನೊಂದು

ಕೆಲಸ ಮುಗಿಯಿತೆಂದು ಭಾವಿಸಿ ಓಡಿಸಲು ಹೋದೆ. ಪೆಡಲ್ ಹಗುರವಾಗಿತ್ತು, ಬ್ರೇಕ್ ಮೊದಲಿಗಿಂತ ಚೆನ್ನಾಗಿ ಹಿಡಿಯುತ್ತಿತ್ತು, ಆದರೆ ಜೋರಾಗಿ ತುಳಿದರೆ ಗಾಡಿ ಸ್ಪಷ್ಟವಾಗಿ ಬಲಕ್ಕೆ ಎಳೆಯುತ್ತಿತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಮೊದಲ ದಿನವೇ ‘ಯಾವ ಕಡೆಗೂ ಎಳೆಯುವುದಿಲ್ಲ’ ಎಂದು ಬರೆದುಕೊಂಡಿದ್ದೆ. ಎಳೆಯುವಷ್ಟು ಬಲವೇ ಆಗ ಇರಲಿಲ್ಲ ಎಂಬುದು ಈಗ ಅರ್ಥವಾಯಿತು.

ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ ಐದು ಬಾರಿ ನಿಲ್ಲಿಸಿ, ತಕ್ಷಣ ಇಳಿದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಮುಂದಿನ ಬಲ ಡಿಸ್ಕ್ 148 ಡಿಗ್ರಿ ಸೆಲ್ಸಿಯಸ್, ಮುಂದಿನ ಎಡ 91, ಹಿಂದಿನ ಡ್ರಮ್‌ಗಳು 44 ಮತ್ತು 39. ಹೊಳೆಯುವ ಲೋಹದ ಮೇಲೆ ಈ ಉಪಕರಣ ನಿಖರ ಅಂಕಿ ಕೊಡುವುದಿಲ್ಲ, ಆದರೆ ಎಡಬಲಗಳನ್ನು ಹೋಲಿಸಲು ಇಷ್ಟು ಸಾಕು. ಬಲಗಡೆಯ ಒಂದು ಚಕ್ರ ಹೆಚ್ಚುಕಡಿಮೆ ಇಡೀ ಗಾಡಿಯನ್ನು ನಿಲ್ಲಿಸುತ್ತಿತ್ತು.

ಆಗ ಗುಜರಿ ಡಬ್ಬ ನೆನಪಾಯಿತು. ಹಳೆಯ ಪ್ಯಾಡ್‌ಗಳನ್ನು ಹೊರತೆಗೆದು ವರ್ನಿಯರ್‌ನಲ್ಲಿ ಅಳೆದೆ. ಬಲಗಡೆಯ ಎರಡರಲ್ಲೂ 4.5 ಮಿ.ಮೀ. ಲೈನಿಂಗ್ ಉಳಿದಿತ್ತು. ಎಡಗಡೆಯ ಒಂದರಲ್ಲಿ 5.2, ಇನ್ನೊಂದರಲ್ಲಿ 7.9, ಅದೂ ಒಂದು ತುದಿಗೆ ಓರೆಯಾಗಿ ಸವೆದಿತ್ತು. ಇಡೀ ರೋಗದ ಅರ್ಧ ವಿವರ ಮೊದಲ ವಾರಾಂತ್ಯದಿಂದಲೂ ಆ ಡಬ್ಬದಲ್ಲಿ ಬಿದ್ದಿತ್ತು.

5. ನಾಲ್ಕನೇ ವಾರಾಂತ್ಯ: ಮುಂದಿನ ಎಡ ಕ್ಯಾಲಿಪರ್

ಮುಂಚಕ್ರವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ ಫ್ರೀ ವೀಲ್ ಹಬ್‌ನ ಲಾಕ್ ಬಿಡಿಸಿಕೊಂಡೆ. ಲಾಕ್ ಇದ್ದರೆ ಚಕ್ರದ ಜೊತೆ ಆಕ್ಸಲ್, ಡಿಫರೆನ್ಷಿಯಲ್ ಎಲ್ಲವೂ ತಿರುಗುವುದರಿಂದ ಬ್ರೇಕಿನ ಒರಸಾಟ ಕೈಗೆ ಗೊತ್ತಾಗುವುದಿಲ್ಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಬೇರಿಂಗಿನಲ್ಲಿ ತುಸು ಸಡಿಲವಿತ್ತು; ಇಂಥ ಸಡಿಲದಿಂದ ಡಿಸ್ಕ್ ಓಲಾಡಿ ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ, ಮೊದಲ ತುಳಿತಕ್ಕೆ ಪೆಡಲ್ ಹೆಚ್ಚು ಕೆಳಗೆ ಇಳಿಯುತ್ತದೆ. ಬಿಗಿಗೊಳಿಸಿದೆ.

ರಬ್ಬರ್ ಹೋಸ್ ಒಳಗೇ ಮುಚ್ಚಿಕೊಂಡಿದೆಯೇ ಎಂದು ನೋಡಲು, ಸಹಾಯಕ್ಕೆ ಬಂದವರಿಂದ ಪೆಡಲ್ ತುಳಿಸಿ ಬಿಡಿಸಿ ಚಕ್ರ ತಿರುಗಿಸಿದೆ. ತುಸು ಬಿಗಿ. ಗಾಳಿ ತೆಗೆಯುವ ಬ್ಲೀಡ್ ನಿಪ್ಪಲ್ ಸಡಿಲಿಸಿದರೂ ಆ ಬಿಗಿ ಹಾಗೆಯೇ ಉಳಿಯಿತು. ಹೋಸಿನಲ್ಲಿ ಒತ್ತಡ ಸಿಕ್ಕಿಬಿದ್ದಿದ್ದರೆ ನಿಪ್ಪಲ್ ತೆರೆದ ಕೂಡಲೇ ಚಕ್ರ ಹಗುರವಾಗಬೇಕಿತ್ತು. ದೋಷ ಕ್ಯಾಲಿಪರಿನಲ್ಲಿಯೇ ಇದೆ.

ಪ್ಯಾಡ್‌ಗಳನ್ನು ತೆಗೆದು, ನಡುವೆ ತೆಳುವಾದ ಮರದ ತುಂಡು ಇಟ್ಟು, ಪೆಡಲನ್ನು ಬಹಳ ಮೆಲ್ಲನೆ ಒತ್ತಿಸಿದಾಗ ನಾಲ್ಕು ಪಿಸ್ಟನ್‌ಗಳಲ್ಲಿ ಎರಡು ಮಾತ್ರ ಮುಂದೆ ಬಂದವು. ಹೊರಬದಿಯ ಎರಡರಲ್ಲಿ ಒಂದು ಕದಲಲೇ ಇಲ್ಲ, ಇನ್ನೊಂದು ಕೂದಲೆಳೆಯಷ್ಟು ಕದಲಿ ನಿಂತಿತು. ಧೂಳು ತಡೆಯುವ ರಬ್ಬರ್ ಹೊದಿಕೆ ಹರಿದು ಒಳಗೆ ಕೆಸರುನೀರು ಹೋಗಿತ್ತು. ಕೆಸರಿನಲ್ಲಿ ಓಡುವ ಗಾಡಿಯಲ್ಲಿ ಇದು ಆಗದಿದ್ದರೆ ಆಶ್ಚರ್ಯ.

ಅಂಟಿದ ಪಿಸ್ಟನ್ನನ್ನು ಹೊರತೆಗೆಯಲು ಮೊದಲು ಇಕ್ಕಳ ಹಾಕಿ ತಿರುಗಿಸಲು ನೋಡಿದೆ. ಅಂಚು ಗೀರಿಹೋಯಿತೇ ಹೊರತು ಪಿಸ್ಟನ್ ಬರಲಿಲ್ಲ. ಕೊನೆಗೆ ಸುಲಭವಾಗಿ ಚಲಿಸುತ್ತಿದ್ದ ಪಿಸ್ಟನ್‌ಗಳನ್ನು ಕ್ಲಾಂಪಿನಿಂದ ಹಿಡಿದಿಟ್ಟು, ಪೆಡಲಿನ ಒತ್ತಡವನ್ನೇ ಬಳಸಿ ಹೊರತಂದೆ. ಗಾಳಿ ಕಂಪ್ರೆಸರ್‌ನಿಂದ ಊದಿ ತೆಗೆಯುವವರಿದ್ದಾರೆ. ಪಿಸ್ಟನ್ ಗುಂಡಿನಂತೆ ಹಾರಿ ಬೆರಳನ್ನು ಜಜ್ಜಬಲ್ಲದಾದ್ದರಿಂದ ನಾನು ಆ ದಾರಿ ಹಿಡಿಯಲಿಲ್ಲ. ಹೊರಬಂದ ಪಿಸ್ಟನ್‌ಗಳ ಮೇಲ್ಮೈಯಲ್ಲಿ ತುಕ್ಕಿನ ಗುಳಿಗಳಿದ್ದವು. ಎಮೆರಿ ಪೇಪರ್‌ನಿಂದ ಉಜ್ಜಿ ಅದನ್ನೇ ಹಾಕುವ ಆಸೆಯಾಯಿತು, ಅರ್ಧ ಗಂಟೆ ಉಜ್ಜಿಯೂ ನೋಡಿದೆ. ಉಗುರಿಗೆ ಸಿಗುವ ಗುಳಿ ಸೀಲನ್ನು ಹರಿಯದೆ ಬಿಡುವುದಿಲ್ಲ. ಎರಡೂ ಬದಿಗೆ ಹೊಸ ಪಿಸ್ಟನ್, ಸೀಲ್, ಹೊದಿಕೆ ಹಾಕಿದೆ. ಕ್ಯಾಲಿಪರಿನ ಎರಡು ಹೋಳುಗಳನ್ನು ಜೋಡಿಸಿರುವ ಬೋಲ್ಟ್‌ಗಳನ್ನು ಮುಟ್ಟಲಿಲ್ಲ. ಸೀಲ್‌ಗಳಿಗೆ ಹಚ್ಚಿದ್ದು ಶುದ್ಧ ಬ್ರೇಕ್ ಆಯಿಲ್ ಮಾತ್ರ. ಸಾಮಾನ್ಯ ಗ್ರೀಸ್, ಪೆಟ್ರೋಲ್ ಅಥವಾ ಡೀಸೆಲ್ ತಗುಲಿದರೆ ಈ ರಬ್ಬರ್ ಉಬ್ಬಿ ಮತ್ತೆ ಅಂಟಿಕೊಳ್ಳುತ್ತದೆ.

ಡಿಸ್ಕಿನ ದಪ್ಪ ಎಡಗಡೆ 19.1, ಬಲಗಡೆ 18.5 ಮಿ.ಮೀ. ಅದರ ಮೇಲೆ ಅಚ್ಚಾಗಿರುವ ಕನಿಷ್ಠ ಮಿತಿ 18. ಬಲಗಡೆಯದು ಇಷ್ಟು ದಿನ ಇಬ್ಬರ ಕೆಲಸ ಮಾಡಿದ್ದರಿಂದ ಬೇಗ ಸವೆದಿದೆ.

6. ಐದನೇ ವಾರಾಂತ್ಯ: ಹಿಂದಿನ ಡ್ರಮ್‌ಗಳು

ಡ್ರಮ್ ಕಳಚುವುದೇ ಒಂದು ಕೆಲಸವಾಯಿತು. ಸುತ್ತಿಗೆಯಲ್ಲಿ ಬಡಿದು ದಣಿದ ಮೇಲೆ ಡ್ರಮ್ ಮುಖದಲ್ಲಿ ಮರೆ (ಬೋಲ್ಟ್ ತಿರುಗಿಸುವ ಸುರುಳಿ ಗೆರೆ) ಇರುವ ಎರಡು ತೂತುಗಳು ಕಣ್ಣಿಗೆ ಬಿದ್ದವು. ಅವುಗಳಿಗೆ 8 ಮಿ.ಮೀ. ಬೋಲ್ಟ್ ಹಾಕಿ ಸರದಿಯಂತೆ ಬಿಗಿಸಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ಒಳಗಿನ ಧೂಳನ್ನು ಊದದೆ ನೀರು ಸಿಂಪಡಿಸಿ ಒದ್ದೆ ಬಟ್ಟೆಯಿಂದ ಒರೆಸಿದೆ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಎಡ ಡ್ರಮ್ಮಿನ ಒಳವ್ಯಾಸ 295.8, ಬಲದ್ದು 296.1 ಮಿ.ಮೀ.; ಗರಿಷ್ಠ ಮಿತಿ 297. ಡ್ರಮ್‌ಗಳು ಬದುಕಿದವು. ಆದರೆ ಶೂ ಮತ್ತು ಡ್ರಮ್ ನಡುವಿನ ಅಂತರ ಎರಡೂ ಬದಿಗಳಲ್ಲಿ ಒಂದು ಮಿ.ಮೀ.ಗಿಂತ ಹೆಚ್ಚಿತ್ತು. ತಾನಾಗಿ ಹೊಂದಿಕೊಳ್ಳಬೇಕಾದ ಅಡ್ಜಸ್ಟರ್‌ಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಹ್ಯಾಂಡ್ ಬ್ರೇಕ್ ಸಡಿಲವಾಯಿತೆಂದು ಹಿಂದೆ ನಾನೇ ಎರಡು ಬಾರಿ ಅದರ ಕೇಬಲನ್ನು ಬಿಗಿಸಿದ್ದೆ. ಸಡಿಲಕ್ಕೆ ಕಾರಣವಾಗಿದ್ದದ್ದು ಡ್ರಮ್ಮಿನ ಒಳಗಿನ ಈ ಅಂತರ. ಹೊರಗಿನಿಂದ ಕೇಬಲ್ ಬಿಗಿಸಿ ರೋಗವನ್ನು ಮುಚ್ಚಿಟ್ಟದ್ದು ನಾನು.

ಬಲಗಡೆಯ ಲೈನಿಂಗ್ ಗೇರ್ ಆಯಿಲ್‌ನಲ್ಲಿ ನೆನೆದಿತ್ತು. ಆಕ್ಸಲ್‌ನ ಆಯಿಲ್ ಸೀಲ್ ಸೋರಿತ್ತು. ಹೊಸ ಸೀಲ್ ಹಾಕುವುದಕ್ಕೆ ಮುನ್ನ, ಅದು ಏಕೆ ಸೋರಿತು ಎಂದು ಆಕ್ಸಲ್ ಹೌಸಿಂಗಿನ ಮೇಲಿನ ಬ್ರೀದರ್ ಬಿಚ್ಚಿ ನೋಡಿದೆ. ಅದರ ಬಾಯಿ ಒಣಗಿದ ಕೆಸರಿನಿಂದ ಪೂರ್ತಿ ಮುಚ್ಚಿತ್ತು. ಓಡುವಾಗ ಬಿಸಿಯಾಗಿ ಹಿಗ್ಗಿದ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಸೀಲಿನ ಮೂಲಕವೇ ಆಯಿಲನ್ನು ತಳ್ಳುತ್ತದೆ. ಬ್ರೀದರನ್ನು ಶುಚಿ ಮಾಡದೆ ಸೀಲ್ ಮಾತ್ರ ಬದಲಿಸಿದ್ದರೆ ಅದೂ ಬೇಗ ಹೋಗುತ್ತಿತ್ತು. ನೆನೆದ ಲೈನಿಂಗನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆದು ಒಣಗಿಸಿ ಉಳಿಸಿಕೊಳ್ಳಲು ನೋಡಿದೆ. ಬಿಸಿಲಿಗಿಟ್ಟ ಒಂದು ಗಂಟೆಯಲ್ಲಿ ಅದು ಮತ್ತೆ ಎಣ್ಣೆ ಬೆವರಿತು. ಎರಡೂ ಬದಿಗೆ ಹೊಸ ಶೂ ಹಾಕಿದೆ.

ಇಲ್ಲಿ ಇನ್ನೊಂದು ತಪ್ಪಾಯಿತು. ಬೇಗ ಮುಗಿಸುವ ಆಸೆಯಿಂದ ಎರಡೂ ಬದಿಗಳನ್ನು ಒಟ್ಟಿಗೆ ಬಿಚ್ಚಿ, ಎಲ್ಲ ಭಾಗಗಳನ್ನು ಒಂದೇ ಬೋಗುಣಿಯಲ್ಲಿ ತೊಳೆದೆ. ಎಡಬಲಗಳ ಅಡ್ಜಸ್ಟರ್ ಸ್ಕ್ರೂಗಳು ನೋಡಲು ಒಂದೇ ಥರ, ಆದರೆ ಒಂದರ ಮರೆ ಬಲಕ್ಕೆ, ಇನ್ನೊಂದರದು ಎಡಕ್ಕೆ. ಅದಲುಬದಲಾಗಿ ಹಾಕಿದರೆ ಬ್ರೇಕ್ ಬಳಸಿದಂತೆಲ್ಲ ಶೂ ಡ್ರಮ್ಮಿಗೆ ಹತ್ತಿರವಾಗುವ ಬದಲು ದೂರವಾಗುತ್ತದೆ. ನಾನು ಅದಲುಬದಲಾಗಿಯೇ ಹಾಕಿದ್ದೆ. ಅಡ್ಜಸ್ಟರಿನ ಸನ್ನೆಯನ್ನು (ಲಿವರ್) ಕೈಯಿಂದ ಆಡಿಸಿದಾಗ ಹಲ್ಲಿನ ಚಕ್ರ ಉಲ್ಟಾ ತಿರುಗುವುದು ಕಂಡು, ಜೋಡಿಸಿದ್ದನ್ನೆಲ್ಲ ಮತ್ತೆ ಬಿಚ್ಚಿದೆ. ಒಂದು ಬದಿಯನ್ನು ಮುಟ್ಟದೆ ಬಿಟ್ಟಿದ್ದರೆ ಸ್ಪ್ರಿಂಗ್‌ಗಳ ಜಾಗಕ್ಕೂ ಅದೇ ಮಾದರಿಯಾಗುತ್ತಿತ್ತು.

ಹೊಂದಾಣಿಕೆ ಮಾಡಿದ ಕ್ರಮ: ಹ್ಯಾಂಡ್ ಬ್ರೇಕ್ ಕೇಬಲನ್ನು ಪೂರ್ತಿ ಸಡಿಲಿಸಿ, ಮುಂಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರ ತಿರುಗದಷ್ಟು ಅಡ್ಜಸ್ಟರ್ ಬಿಗಿಸಿ, ಆಮೇಲೆ ತೆಳುವಾಗಿ ಒರಸುವ ಸದ್ದು ಮಾತ್ರ ಉಳಿಯುವವರೆಗೆ ಒಂದೊಂದೇ ಹಲ್ಲು ಹಿಂದಕ್ಕೆ ಬಿಟ್ಟೆ. ಕೇಬಲ್ ಬಿಗಿಸಿದ್ದು ಎಲ್ಲಕ್ಕಿಂತ ಕೊನೆಗೆ.

7. ಆರನೇ ವಾರಾಂತ್ಯ: ಲೋಡ್ ಸೆನ್ಸಿಂಗ್ ವಾಲ್ವ್

ಹಿಂಚಕ್ರಗಳಲ್ಲಿ ಗಾಳಿ ತೆಗೆಯುವಾಗ ಆಯಿಲ್ ಬಹಳ ಸಣ್ಣಗೆ ಬರುತ್ತಿದ್ದುದು ಎರಡನೇ ವಾರದಲ್ಲಿಯೇ ಕಂಡಿತ್ತು, ಗಮನಿಸಿರಲಿಲ್ಲ. ಗಾಡಿಯ ಕೆಳಗೆ ಮಲಗಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಹೊರೆ ಹೇರಿದಾಗ ಚಾಸಿ ಆಕ್ಸಲ್‌ಗೆ ಹತ್ತಿರವಾಗುತ್ತದೆ, ಆಕ್ಸಲ್ ಮೇಲೆ ಕೂರಿಸಿದ ಸರಳು ವಾಲ್ವಿನ ಸನ್ನೆಯನ್ನು ಒತ್ತುತ್ತದೆ, ಹಿಂದಕ್ಕೆ ಹೆಚ್ಚು ಒತ್ತಡ ಹೋಗುತ್ತದೆ. ಗಾಡಿಯನ್ನು 50 ಮಿ.ಮೀ. ಎತ್ತರಿಸಿದ್ದರಿಂದ ಈ ವಾಲ್ವಿನ ಪಾಲಿಗೆ ಗಾಡಿ ಯಾವಾಗಲೂ ಖಾಲಿಗಿಂತ ಖಾಲಿ. ಸರಳಿನ ಕೀಲು ಕೂಡ ತುಕ್ಕು ಹಿಡಿದು ನಿಂತಿತ್ತು. ಸನ್ನೆಯನ್ನು ಕೈಯಿಂದ ಮೇಲಕ್ಕೆತ್ತಿ ಹಿಡಿದು ಪೆಡಲ್ ತುಳಿಸಿದಾಗ ನಿಪ್ಪಲಿನಿಂದ ಆಯಿಲ್ ಧಾರೆಯಾಗಿ ಬಂದಿತು.

ವಾಲ್ವನ್ನೇ ಕಿತ್ತೆಸೆದು ಪೈಪನ್ನು ನೇರವಾಗಿ ಜೋಡಿಸುವ ಸಲಹೆ ಕೊಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಖಾಲಿ ಗಾಡಿಯಲ್ಲಿ ಜೋರಾಗಿ ತುಳಿದರೆ ಹಿಂಚಕ್ರಗಳು ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಕೀಲನ್ನು ಬಿಡಿಸಿ ಗ್ರೀಸ್ ಹಾಕಿ, ಆಕ್ಸಲ್ ಮೇಲಿನ ಸರಳಿನ ಬ್ರಾಕೆಟ್ ಕೆಳಗೆ 50 ಮಿ.ಮೀ. ಎತ್ತರದ ಉಕ್ಕಿನ ತುಂಡನ್ನು ಬೋಲ್ಟ್ ಹಾಕಿ ಕೂರಿಸಿ, ಸರಳಿನ ಕೋನವನ್ನು ಮೂಲ ಸ್ಥಿತಿಗೆ ತಂದೆ. ನಂತರ ಜನರಿಲ್ಲದ ಬಯಲಿನಲ್ಲಿ, ಜಲ್ಲಿ ನೆಲದ ಮೇಲೆ, 30 ಕಿ.ಮೀ. ವೇಗದಿಂದ ಜೋರಾಗಿ ತುಳಿದು ನೋಡಿದೆ. ಪಕ್ಕದಲ್ಲಿ ನಿಂತು ನೋಡಿದವರು ಪ್ರತಿ ಬಾರಿಯೂ ಮುಂಚಕ್ರಗಳೇ ಮೊದಲು ಲಾಕ್ ಆದವೆಂದು ಹೇಳಿದರು. ಬೇಕಾದದ್ದು ಅದೇ.

ಕೊನೆಯ ಬಾರಿ ಗಾಳಿ ತೆಗೆದದ್ದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂಚಕ್ರದಿಂದ ಆರಂಭಿಸಿ, ಇನ್ನೊಂದು ಹಿಂಚಕ್ರ, ಲೋಡ್ ವಾಲ್ವಿನ ನಿಪ್ಪಲ್, ಆಮೇಲೆ ಮುಂದಿನ ಎರಡು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್‌ನ ಜಾಗಕ್ಕೆ ಡಾಟ್ 4 ಹಾಕಿದೆ. ಡಾಟ್ 3ರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 205 ಡಿಗ್ರಿ, ತೇವ ಹೀರಿದ ಮೇಲೆ 140; ಡಾಟ್ 4ಕ್ಕೆ ಅವು 230 ಮತ್ತು 155. ಇವೆರಡೂ ಒಂದಕ್ಕೊಂದು ಬೆರೆಯುತ್ತವೆ. ಸಿಲಿಕೋನ್ ಆಧಾರದ ಡಾಟ್ 5 ಇವುಗಳ ಜೊತೆ ಸೇರುವುದಿಲ್ಲ.

8. ಅಳತೆಗಳು ಮತ್ತು ಉಳಿದ ಕೆಲಸ

ನಿಲ್ಲುವ ದೂರವನ್ನು ಪ್ರತಿ ಹಂತದಲ್ಲೂ ಟೇಪಿನಿಂದ ಅಳೆದಿದ್ದೇನೆ, ಆದರೆ ಮೊದಲ ಅಳತೆಗಳು ನಂಬಲರ್ಹವಲ್ಲ. 235/75 ಆರ್ 15 ಟೈರಿನ ವ್ಯಾಸ ಸುಮಾರು 733 ಮಿ.ಮೀ., 31 ಇಂಚಿನದು 787. ಮೂಲ ಟೈರಿಗೆ ಸರಿಯಾಗಿದ್ದ ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ ನಿಜವಾಗಿ 53ರ ಮೇಲೆ ಓಡುತ್ತಿರುತ್ತದೆ. ಮೊದಲ ವಾರ ಅಳೆದ 27 ಮೀಟರನ್ನು ಆದ್ದರಿಂದ ಪಕ್ಕಕ್ಕಿಟ್ಟಿದ್ದೇನೆ. ನಂತರ ಫೋನಿನ ಜಿಪಿಎಸ್ ನೋಡಿ ನಿಜವಾದ 50 ಕಿ.ಮೀ. ವೇಗದಿಂದ, ಒಣ ರಸ್ತೆಯಲ್ಲಿ, ಚಕ್ರ ಲಾಕ್ ಆಗದಂತೆ ತುಳಿದು ಅಳೆದ ದೂರಗಳಿವು: ನಿರ್ವಾತ ಸರಿಪಡಿಸಿದ ಮೇಲೆ 20 ಮೀಟರ್, ಕ್ಯಾಲಿಪರ್ ಆದ ಮೇಲೆ 17, ಡ್ರಮ್ ಮತ್ತು ವಾಲ್ವ್ ಮುಗಿದ ಮೇಲೆ 15. ಈಗ ಗಾಡಿ ಎಳೆಯುವುದಿಲ್ಲ. ಮುಂದಿನ ಡಿಸ್ಕ್‌ಗಳ ಉಷ್ಣತೆ 118 ಮತ್ತು 112, ಡ್ರಮ್‌ಗಳದು 71 ಮತ್ತು 68.

ಅದೇ ದೊಡ್ಡ ಟೈರ್ ಇನ್ನೊಂದು ನಷ್ಟವನ್ನೂ ಮಾಡುತ್ತದೆ. ಡಿಸ್ಕಿನಲ್ಲಿ ಅದೇ ಹಿಡಿತವಿದ್ದರೂ ತ್ರಿಜ್ಯ ಹೆಚ್ಚಾದಷ್ಟು ನೆಲಕ್ಕೆ ಮುಟ್ಟುವ ಬಲ ಕಡಿಮೆಯಾಗುತ್ತದೆ. ನನ್ನ ಲೆಕ್ಕದಲ್ಲಿ ಸುಮಾರು 7 ಶೇಕಡಾ. ಅದನ್ನು ಯಾವ ಸ್ಪ್ಯಾನರಿನಿಂದಲೂ ಸರಿಪಡಿಸಲಾಗದು. ಈ ಟೈರ್‌ಗಳು ಸವೆದ ಮೇಲೆ ಮೂಲ ಅಳತೆಗೆ ಮರಳುತ್ತೇನೆ.

ಬಾಕಿ ಉಳಿದಿರುವುದು: ಬಲ ಡಿಸ್ಕ್ ಮಿತಿಗೆ ಅರ್ಧ ಮಿ.ಮೀ. ದೂರದಲ್ಲಿರುವುದರಿಂದ ಮುಂದಿನ ಪ್ಯಾಡ್ ಬದಲಾವಣೆಗೆ ಮುಂಚೆಯೇ ಎರಡೂ ಡಿಸ್ಕ್‌ಗಳನ್ನು ಬದಲಿಸಬೇಕು, 500 ಕಿ.ಮೀ. ಆದ ಮೇಲೆ ಬಲ ಹಿಂಚಕ್ರದ ಡ್ರಮ್ ಬಿಚ್ಚಿ ಹೊಸ ಸೀಲ್ ಸೋರುತ್ತಿಲ್ಲವೇ ಎಂದು ನೋಡಬೇಕು. ಬ್ರೀದರಿಗೆ ಉದ್ದದ ಕೊಳವೆ ಸೇರಿಸಿ ಅದರ ಬಾಯಿಯನ್ನು ಕೆಸರು ಮುಟ್ಟದ ಎತ್ತರಕ್ಕೆ ಒಯ್ಯಬೇಕು. ಹಳೆಯ ಮಾಸ್ಟರ್ ಸಿಲಿಂಡರನ್ನು ಮತ್ತೆ ಜೋಡಿಸಿ, ಬಾಯಿಗಳನ್ನು ಮುಚ್ಚಿ, ಬಿಡಿಭಾಗವಾಗಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.